ಹಿಂದಕ್ಕೆ ಹೋಗುವ ಹಕ್ಕು

2014ರ ಫೆಬ್ರುವರಿಯಲ್ಲಿ ಎಚ್‌ಪಿ ಕಂಪನಿ ಒಂದು ನಿರ್ಧಾರ ಪ್ರಕಟಿಸಿತು. ತನ್ನ ಪ್ರೋಲಿಯಂಟ್ ಸರ್ವರುಗಳ ಸಿಸ್ಟಂ ರೋಮ್ ಫರ್ಮ್‌ವೇರ್ ಇನ್ನು ಮುಂದೆ ವಾರಂಟಿ ಚಾಲ್ತಿಯಲ್ಲಿರುವವರಿಗೆ ಇಲ್ಲವೇ ಸೇವಾ ಒಪ್ಪಂದಕ್ಕೆ ದುಡ್ಡು ಕಟ್ಟಿದವರಿಗೆ ಮಾತ್ರ ಎಂದಿತು. ಅಲ್ಲಿಯವರೆಗೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾಗಿದ್ದ ಫೈಲುಗಳಿಗೆ ಬೀಗ ಬಿತ್ತು. ಸುರಕ್ಷತೆಗೆ ಸಂಬಂಧಿಸಿದ ತಿದ್ದುಪಡಿಗಳಿಗೆ ಹಣ ಕೇಳುವುದಿಲ್ಲವೆಂದು ಸಮಜಾಯಿಷಿಯೂ ಬಂತು. ಸರ್ವರ್ ನೋಡಿಕೊಳ್ಳುವವರು ಒಂದಷ್ಟು ದಿನ ಕೂಗಾಡಿದರು, ಆಮೇಲೆ ಸುಮ್ಮನಾದರು. ಕನ್ನಡದಲ್ಲಿ ಇದರ ಬಗ್ಗೆ ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಬರೆಯಬೇಕಿತ್ತು ಎಂಬುದೇ ನನ್ನ ತಕರಾರು.

ಫರ್ಮ್‌ವೇರ್ ಎಂದರೆ ಯಂತ್ರದ ಚಿಪ್ಪಿನೊಳಗೇ ಬರೆದಿಟ್ಟ ತಂತ್ರಾಂಶ. ವಿಂಡೋಸೋ ಲಿನಕ್ಸೋ ಕಣ್ಣು ಬಿಡುವ ಮೊದಲೇ ಇದು ಎದ್ದು, ಮೆಮೊರಿ ಎಷ್ಟಿದೆ, ಡಿಸ್ಕ್ ಎಲ್ಲಿದೆ, ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಿ ಉಳಿದವರನ್ನು ಎಬ್ಬಿಸುತ್ತದೆ. ಒಂದು ಸರ್ವರಿನಲ್ಲಿ ಇಂಥದ್ದು ಒಂದೇ ಇರುವುದಿಲ್ಲ. ಮದರ್‌ಬೋರ್ಡಿಗೊಂದು, ಪ್ರತಿ ಡಿಸ್ಕಿಗೊಂದು, ಡಿಸ್ಕುಗಳನ್ನು ಒಟ್ಟಿಗೆ ಕಟ್ಟುವ ರೇಡ್ ಕಾರ್ಡಿಗೊಂದು, ನೆಟ್‌ವರ್ಕ್ ಕಾರ್ಡಿಗೊಂದು. ಕೂಡುಕುಟುಂಬದ ಹಾಗೆ. ಒಬ್ಬರಿಗೆ ಹೊಸ ಬುದ್ಧಿ ಬಂದರೆ ಇನ್ನೊಬ್ಬರು ಮುನಿಸಿಕೊಳ್ಳುವುದುಂಟು. ಆಗ ಬೇಕಾಗುವುದು ಹಿಂದಿನ ಆವೃತ್ತಿ.

ಹೊಸತು ಹಾಕಲೇಬೇಡಿ, ಓಡುವ ಯಂತ್ರ ಮುಟ್ಟಬೇಡಿ ಎನ್ನುವ ಹಿರಿಯರು ನಮ್ಮ ಎಲ್ಲ ಸಂಸ್ಥೆಗಳಲ್ಲೂ ಇದ್ದಾರೆ. ಅವರ ಮಾತು ಕೇಳಿದರೂ ಕೆಡುಕೇ. 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ (2015ರಲ್ಲಿ ಎಚ್‌ಪಿ ಎರಡು ಪಾಲಾದಾಗ ಸರ್ವರ್ ವ್ಯವಹಾರ ಇದರ ಪಾಲಿಗೆ ಬಂತು) ತನ್ನ ಕೆಲವು ಎಸ್‌ಎಸ್‌ಡಿ ಡಿಸ್ಕುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಫರ್ಮ್‌ವೇರ್ ದೋಷದಿಂದಾಗಿ ಅವು ಸರಿಯಾಗಿ 32,768 ಗಂಟೆ ಓಡಿ ಸತ್ತುಹೋಗುತ್ತವೆ. ಎಂದರೆ 3 ವರ್ಷ, 270 ದಿನ, 8 ಗಂಟೆ. ಸತ್ತ ಮೇಲೆ ಡಿಸ್ಕೂ ಇಲ್ಲ, ಅದರೊಳಗಿನದೂ ಇಲ್ಲ. ಒಂದು ಡಿಸ್ಕ್ ಹೋದರೆ ಇನ್ನೊಂದು ಕಾಪಾಡಲಿ ಎಂದೇ ಸರ್ವರಿನಲ್ಲಿ ನಾಲ್ಕಾರು ಡಿಸ್ಕ್ ಹಾಕುವುದು. ಆದರೆ ಒಂದೇ ಟೆಂಡರಿನಲ್ಲಿ ಕೊಂಡು ಒಂದೇ ದಿನ ಚಾಲೂ ಮಾಡಿದವು ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಸಾಯುತ್ತವೆ. ಉಪಾಯ ಒಂದೇ ಇತ್ತು, ಆ ಗಂಟೆ ಬರುವ ಮೊದಲು ಹೊಸ ಫರ್ಮ್‌ವೇರ್ ಹಾಕುವುದು. 2020ರ ಮಾರ್ಚಿನಲ್ಲಿ ಇದೇ ಬಗೆಯ ಇನ್ನೊಂದು ಎಚ್ಚರಿಕೆ ಬಂತು, ಈ ಸಲ 40,000 ಗಂಟೆಯ ಗಡುವು.

ಹೊಸತನ್ನು ಕಣ್ಣುಮುಚ್ಚಿ ಹಾಕುವವರ ಕತೆಯನ್ನೂ ಕೇಳಿ. 2018ರ ಜನವರಿ ಮೊದಲ ವಾರ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಗಳು ಬಯಲಾದವು. ಇಂಟೆಲ್ ಅವಸರದಲ್ಲಿ ತೇಪೆ ಹೊಲಿಯಿತು, ಸರ್ವರ್ ಕಂಪನಿಗಳು ಅದನ್ನು ತಮ್ಮ ಫರ್ಮ್‌ವೇರಿನಲ್ಲಿ ಸೇರಿಸಿ ಹಂಚಿದವು. ಯಂತ್ರಗಳು ತಾವಾಗಿಯೇ ರೀಬೂಟ್ ಆಗತೊಡಗಿದವು. ಜನವರಿ 22ಕ್ಕೆ ಇಂಟೆಲ್ ಆ ತೇಪೆ ಹಾಕುವುದನ್ನು ನಿಲ್ಲಿಸಿ ಎಂದಿತು. ಡೆಲ್, ಎಚ್‌ಪಿಇಯಂಥವರು ಹಂಚಿದ್ದನ್ನು ವಾಪಸು ಪಡೆದು, ಹಾಕಿಕೊಂಡವರು ಹಳೆಯ ಆವೃತ್ತಿಗೇ ಮರಳಿ ಎಂದು ಸಲಹೆ ಕೊಟ್ಟರು. ಹಿಂದಕ್ಕೆ ಹೋಗುವ ದಾರಿ ಎಷ್ಟು ಅಗತ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ. ಕಂಪನಿಗೆ ಬೇಕಾದಾಗ ತೆರೆಯುವ ದಾರಿ, ಕೊಂಡವನಿಗೆ ಬೇಕಾದಾಗ ಯಾಕೆ ಮುಚ್ಚಿರುತ್ತದೆ?

ಸಾಹಿತ್ಯದ ಪತ್ರಿಕೆಯಲ್ಲಿ ಈ ಸರ್ವರ್ ಪುರಾಣ ಯಾಕೆ ಎಂದು ಕೇಳಬಹುದು. ನನ್ನ ಸಂಶೋಧನೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಬಗ್ಗೆ. ಹಗುರ ಮರ ಕೆತ್ತಿ, ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಬಣ್ಣದ ಗೊಂಬೆ ಮಾಡುವ ಕುಟುಂಬಗಳವು. ನಮ್ಮ ವಿಭಾಗದ ಸರ್ವರಿನಲ್ಲಿ ನನಗಿಂತ ಮೊದಲು ಬಂದವರು ಅಲ್ಲಿ ಮಾಡಿದ ಧ್ವನಿಮುದ್ರಣಗಳಿದ್ದವು. ಬಣ್ಣ ಅರೆಯುವ ಹದ, ಅಂಟು ಕುದಿಸುವ ಹೊತ್ತು ಇವನ್ನೆಲ್ಲ ತಮ್ಮ ಮಾತಿನಲ್ಲೇ ಹೇಳಿದ ಅಜ್ಜಂದಿರಲ್ಲಿ ಹಲವರು ಈಗಿಲ್ಲ. ನನ್ನ ಕೆಲಸಕ್ಕೆ ಬೇರೆ ಪ್ರತಿ ಇತ್ತು. ಅವರ ದನಿಗೆ ಇರಲಿಲ್ಲ.

ಕಳೆದ ವರ್ಷ ಕಂಪನಿಯ ಎಚ್ಚರಿಕೆಯಂತೆಯೇ ಆ ಸರ್ವರಿಗೆ ಹೊಸ ಫರ್ಮ್‌ವೇರ್ ಹಾಕಲಾಯಿತು. ಎದ್ದ ಯಂತ್ರ ರೇಡ್ ಕಾರ್ಡನ್ನು ಗುರುತಿಸಲಿಲ್ಲ. ಸರ್ವರ್ ನೋಡಿಕೊಳ್ಳುವ ಅಣ್ಣ ಎರಡು ದಿನ ಗುದ್ದಾಡಿ, ‘ಹಿಂದಕ ಹೋಗಾಕ ಬಿಡವಲ್ದು ನೋಡ್ರೀ ಮೇಡಂ’ ಎಂದರು. ಹಳೆಯ ಫೈಲು ಬೇಕೆಂದರೆ ಒಪ್ಪಂದದ ಸಂಖ್ಯೆ ಕೇಳುತ್ತಾರೆ, ವಾರಂಟಿ ಮುಗಿದು ಎರಡು ವರ್ಷವಾಗಿತ್ತು. ಎಲ್ಲಿಂದಲೋ ಫೈಲು ತಂದರೆ ಬೋರ್ಡೇ ಅದನ್ನು ಒಪ್ಪುವುದಿಲ್ಲ. (ಕಂಪನಿಯ ಹೆಸರು ಬೇಡ, ಇಲ್ಲಿ ಹೆಸರಿಸಿದ ಯಾವುದೂ ಅಲ್ಲ.) ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಗುಜರಿಯಿಂದ ಅದೇ ಮಾದರಿಯ ಸೆಕೆಂಡ್‌ಹ್ಯಾಂಡ್ ಬೋರ್ಡ್ ಬಂತು. ಅದರೊಳಗೆ ಹಳೆಯ ಫರ್ಮ್‌ವೇರ್ ಇತ್ತು. ಡಿಸ್ಕುಗಳು ಓದಿದವು. ಕಂಪನಿ ಕೊಡದ್ದನ್ನು ಗುಜರಿ ಅಂಗಡಿ ಕೊಟ್ಟಿತು.

ಕಂಪನಿಗಳ ಪರವಾದ ಒಂದು ವಾದವನ್ನು ನಾನು ತಳ್ಳಿಹಾಕಲಾರೆ. ಹಳೆಯ ಆವೃತ್ತಿಯಲ್ಲಿ ತೂತುಗಳಿರುತ್ತವೆ. ಒಳನುಗ್ಗಿದ ಕಳ್ಳ ಯಂತ್ರವನ್ನು ಹಳೆಯದಕ್ಕೆ ಇಳಿಸಿ ಆ ತೂತಿನಿಂದಲೇ ತಳವೂರಬಹುದು, ಆದ್ದರಿಂದ ಹಿಂದಿನ ಬಾಗಿಲು ಮುಚ್ಚಬೇಕು. ನಿಜ, ಮುಚ್ಚಲಿ. ಆದರೆ ಕೀಲಿ ಯಾರ ಸೊಂಟದಲ್ಲಿರಬೇಕು? ಕಳ್ಳ ಬರುವುದು ಸಾಮಾನ್ಯವಾಗಿ ತಂತಿಯ ಮೇಲೆ. ಸರ್ವರ್ ಕೋಣೆಯ ಬೀಗ ತೆಗೆದು, ಪೆಟ್ಟಿಗೆ ಬಿಚ್ಚಿ, ಬೋರ್ಡಿನ ಮೇಲಿನ ಜಂಪರ್ ಬದಲಿಸುವವರು ಆ ಯಂತ್ರದ ಯಜಮಾನರು. ಅವರು ಬದಲಿಸಿದಾಗ ಮಾತ್ರ ಹಳೆಯದಕ್ಕೆ ಮರಳುವಂತೆ ಮಾಡಲು ಯಾವ ಹೊಸ ವಿಜ್ಞಾನವೂ ಬೇಕಾಗಿಲ್ಲ. ಎಚ್‌ಪಿಇಯ ಐಎಲ್‌ಒ 5ರಲ್ಲೇ ಹಳೆಯದಕ್ಕೆ ಇಳಿಯಲು ಬಿಡಬೇಕೇ, ವಿಶೇಷ ಅಧಿಕಾರವಿದ್ದವರಿಗೆ ಮಾತ್ರ ಬಿಡಬೇಕೇ, ಶಾಶ್ವತವಾಗಿ ನಿಷೇಧಿಸಬೇಕೇ ಎಂಬ ಆಯ್ಕೆ ಇದೆ. ಮೂರನೆಯದನ್ನು ಒಮ್ಮೆ ಆರಿಸಿದರೆ ಮತ್ತೆ ಬದಲಿಸಲಾಗದು. ಅದಕ್ಕೂ ನನ್ನ ವಿರೋಧವಿಲ್ಲ, ಆರಿಸುವವರು ಕೊಂಡವರು ತಾನೇ.

ಇನ್ನೊಂದು ವಾದ, ಫರ್ಮ್‌ವೇರ್ ಬರೆಯಲು ಖರ್ಚಾಗುತ್ತದೆ, ಅದು ಕಂಪನಿಯ ಬೌದ್ಧಿಕ ಆಸ್ತಿ ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ಮಾರಿದ ವಸ್ತುವಿನಲ್ಲಿದ್ದ ದೋಷವನ್ನು ತಿದ್ದುವುದು ಹೊಸ ಸರಕಲ್ಲ. ಫರ್ಮ್‌ವೇರ್ ಇಲ್ಲದ ಸರ್ವರ್ ಬರೀ ತಗಡು, ಕೊಳ್ಳುವಾಗ ಕೊಟ್ಟ ದುಡ್ಡು ಅದಕ್ಕೂ ಸೇರಿಯೇ. ಹಳೆಯ ಆವೃತ್ತಿಯಂತೂ ನಾವು ಕೊಂಡ ದಿನ ಪೆಟ್ಟಿಗೆಯೊಳಗೇ ಇದ್ದದ್ದು. ಅದನ್ನೇ ಮತ್ತೆ ಕೇಳಿದರೆ ಒಪ್ಪಂದ ತೋರಿಸಿ ಎನ್ನುವುದು ಯಾವ ನ್ಯಾಯ? ನಮ್ಮ ಕಡೆ ಊರದೇವತೆಯ ಮರದ ಮೂರ್ತಿಯ ಬಣ್ಣ ಮಾಸಿದರೆ ಚಿತ್ರಗಾರರಿಂದ ಹೊಸ ಬಣ್ಣ ಮಾಡಿಸುತ್ತಾರೆ. ಕೂಲಿ ಕೊಡುತ್ತಾರೆ, ಗೌರವಿಸುತ್ತಾರೆ. ಮೂರ್ತಿ ಯಾರದು ಎಂಬ ಪ್ರಶ್ನೆ ಏಳುವುದಿಲ್ಲ, ಅದು ಊರಿನದು.

ಆದರೆ ಬೈಗುಳವೆಲ್ಲ ಕಂಪನಿಗಳಿಗೇ ಸಲ್ಲಬಾರದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್, ಗೃಹಬಳಕೆಯ ವಸ್ತು, ವಾಹನ. ಟ್ರ್ಯಾಕ್ಟರ್ ಸೇರಿತು, ಒಳ್ಳೆಯದೇ. ಸರ್ವರ್ ಯಾರ ನೆನಪಿಗೂ ಬರಲಿಲ್ಲ. ಅದನ್ನು ಕೊಳ್ಳುವವರು ದೊಡ್ಡವರು, ತಮ್ಮ ದಾರಿ ತಾವು ನೋಡಿಕೊಳ್ಳುತ್ತಾರೆ ಎಂದಿರಬೇಕು. ನೋಡಿಕೊಳ್ಳುವುದಿಲ್ಲ. ‘ಡಿಜಿಟಲೀಕರಣ’ದ ಉದ್ಘಾಟನೆಗೆ ಹಾರ ತುರಾಯಿ ಇರುತ್ತದೆ, ಆ ಯಂತ್ರದ ಆರನೆಯ ವರ್ಷಕ್ಕೆ ಬಜೆಟ್ಟಿನಲ್ಲಿ ಒಂದು ಗೆರೆಯೂ ಇರುವುದಿಲ್ಲ. ಕಡಿಮೆ ದರ ಕೂಗಿದವರಿಗೆ ಟೆಂಡರ್, ಮೂರು ವರ್ಷ ವಾರಂಟಿ, ಮುಂದೆ ದೇವರು ದೊಡ್ಡವನು. ಯಂತ್ರ ಓಡುವಷ್ಟು ಕಾಲ ಎಲ್ಲ ಆವೃತ್ತಿಗಳೂ ಒಪ್ಪಂದವಿಲ್ಲದೆ ಸಿಗಬೇಕು, ಮರಳುವ ಕೀಲಿ ಸಂಸ್ಥೆಯ ಕೈಯಲ್ಲಿರಬೇಕು ಎಂದು ಟೆಂಡರಿನಲ್ಲಿ ಎರಡು ಸಾಲು ಬರೆದರೆ ತಡೆಯುವ ಕಾನೂನು ಯಾವುದೂ ಇಲ್ಲ. ಒಂದು ವಿಭಾಗ ಕೇಳಿದರೆ ಕಂಪನಿ ನಕ್ಕೀತು. ರಾಜ್ಯದ ವಿಶ್ವವಿದ್ಯಾಲಯಗಳೆಲ್ಲ ಒಟ್ಟಿಗೆ ಕೇಳಿದರೆ ದರಪಟ್ಟಿ ಹಿಡಿದು ಬಂದು ಕೂರುತ್ತದೆ.

ಹೊಸ ಸರ್ವರಿನ ಟೆಂಡರ್ ಕರಡು ಈಗ ನಮ್ಮ ವಿಭಾಗದ ಮೇಜಿನ ಮೇಲಿದೆ. ಓದಲು ನನಗೂ ಕೊಟ್ಟಿದ್ದರು. ಹದಿನಾಲ್ಕು ಪುಟ. ಯುಪಿಎಸ್ ಬ್ಯಾಟರಿಗೆ ಅರ್ಧ ಪುಟ, ಪೆಟ್ಟಿಗೆಯ ಬಣ್ಣಕ್ಕೆ ಒಂದು ಸಾಲು. ಫರ್ಮ್‌ವೇರ್ ಎಂಬ ಶಬ್ದ ಒಂದೇ ಕಡೆ ಬಂದಿದೆ: ‘ಸರಬರಾಜಿನ ದಿನಕ್ಕೆ ಇತ್ತೀಚಿನದಾಗಿರತಕ್ಕದ್ದು.’ ಅದರ ಕೆಳಗೆ ನನ್ನ ಎರಡು ಸಾಲನ್ನು ಪೆನ್ಸಿಲಿನಲ್ಲಿ ಬರೆದು ವಾಪಸು ಕೊಟ್ಟಿದ್ದೇನೆ.