ಗ್ರಾಹಕರ ಷೇರು, ದಲ್ಲಾಳಿಯ ಸಾಲ

ಕಾರ್ವಿ ಸ್ಟಾಕ್ ಬ್ರೋಕಿಂಗ್‌ನಲ್ಲಿ ಹಣ, ಷೇರು ಕಳೆದುಕೊಂಡವರು 2025ರ ಜೂನ್ 2ರೊಳಗೆ ಕ್ಲೇಮು ಸಲ್ಲಿಸಬೇಕು ಎಂದು ಷೇರುಪೇಟೆ ನಿಯಂತ್ರಕ ಸೆಬಿ ಪ್ರಕಟಣೆ ಹೊರಡಿಸಿತ್ತು. ಆಮೇಲೆ ಆ ಗಡುವನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಹಗರಣ ಬಯಲಾದದ್ದು 2019ರ ನವೆಂಬರ್‌ನಲ್ಲಿ. ಅಂದರೆ ಐದೂವರೆ ವರ್ಷ ಕಳೆದರೂ ಯಾರಿಗೆ ಎಷ್ಟು ಬಾಕಿ ಎಂಬ ಲೆಕ್ಕವೇ ಮುಗಿದಿರಲಿಲ್ಲ. ಈ ನಡುವೆ ಎಷ್ಟೋ ಮನೆಗಳಲ್ಲಿ ಮಗಳ ಮದುವೆಗೆ, ಅಪ್ಪನ ಆಪರೇಷನ್‌ಗೆ ಎಂದು ಎತ್ತಿಟ್ಟಿದ್ದ ಷೇರುಗಳ ಜಾಗದಲ್ಲಿ ಸಾಲ ಬಂದು ಕೂತಿರುತ್ತದೆ. ಅದರ ಲೆಕ್ಕ ಯಾವ ಪ್ರಕಟಣೆಯಲ್ಲೂ ಸಿಗುವುದಿಲ್ಲ.

ಕಾರ್ವಿ ಮಾಡಿದ್ದು ಜಾಣ ಕಳ್ಳತನವೇನೂ ಅಲ್ಲ. ಹೈದರಾಬಾದಿನ ಈ ಸಂಸ್ಥೆ ದೇಶದ ದೊಡ್ಡ ಬ್ರೋಕರ್‌ಗಳಲ್ಲೊಂದಾಗಿತ್ತು. ಖಾತೆ ತೆರೆಯುವಾಗ ಗ್ರಾಹಕರಿಂದ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮಾರಿದ ಷೇರನ್ನು ಖಾತೆಯಿಂದ ತೆಗೆದು ಕೊಡಲು ಅನುಕೂಲವಾಗಲಿ ಎಂಬುದು ಅದರ ಮುಖ್ಯ ಉದ್ದೇಶ. ಆ ಸಹಿಯನ್ನೇ ಹಿಡಿದುಕೊಂಡು, ಮಾರದ ಷೇರುಗಳನ್ನೂ ತನ್ನ ಖಾತೆಗೆ ಎಳೆದುಕೊಂಡು, ತನ್ನದೇ ಆಸ್ತಿ ಎಂಬಂತೆ ಬ್ಯಾಂಕು, ಹಣಕಾಸು ಕಂಪನಿಗಳಲ್ಲಿ ಅಡವಿಟ್ಟು ಸಾಲ ಎತ್ತಿತು. ಸೆಬಿ ಕೊಟ್ಟ ಲೆಕ್ಕದಂತೆ 95 ಸಾವಿರಕ್ಕೂ ಹೆಚ್ಚು ಗ್ರಾಹಕರ ಸುಮಾರು 2,300 ಕೋಟಿ ರೂಪಾಯಿ ಮೌಲ್ಯದ ಷೇರುಗಳು ಒಂದೇ ಡಿಮ್ಯಾಟ್ ಖಾತೆಯಿಂದ ಅಡವಿಗೆ ಹೋಗಿದ್ದವು. 2016ರ ಏಪ್ರಿಲ್‌ನಿಂದ 2019ರ ಅಕ್ಟೋಬರ್‌ವರೆಗೆ 1,096 ಕೋಟಿ ರೂಪಾಯಿ ಅದೇ ಗುಂಪಿನ ಕಾರ್ವಿ ರಿಯಾಲ್ಟಿಗೆ ಹರಿದಿತ್ತು. ಷೇರುಪೇಟೆಯಲ್ಲಿ ಬೆವರಿನ ದುಡ್ಡು ಹಾಕಿದವರು ತಮಗೇ ಗೊತ್ತಿಲ್ಲದೆ ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಜಾಮೀನಾಗಿದ್ದರು.

ಮೂರೂವರೆ ವರ್ಷ! ಅಷ್ಟು ಕಾಲ ವಿನಿಮಯ ಕೇಂದ್ರಗಳ ತಪಾಸಣೆ ಇತ್ತು, ಲೆಕ್ಕಪರಿಶೋಧಕರ ಸಹಿ ಇತ್ತು, ಡಿಮ್ಯಾಟ್ ಖಾತೆಗಳನ್ನು ನಿರ್ವಹಿಸುವ ಡಿಪಾಸಿಟರಿಗಳ ಕಂಪ್ಯೂಟರಿನಲ್ಲಿ ಪ್ರತಿ ಷೇರಿನ ಓಡಾಟವೂ ದಾಖಲಾಗುತ್ತಿತ್ತು. ಆ ಒಂದು ಖಾತೆಯ ವಿವರವನ್ನು ಕಂಪನಿ ವಿನಿಮಯ ಕೇಂದ್ರಕ್ಕೆ ಕೊಟ್ಟಿರಲಿಲ್ಲವಂತೆ. ಕೊಡದಿದ್ದರೆ ಕೇಳುವವರು ಯಾರೂ ಇರಲಿಲ್ಲವೆ? ಹಳ್ಳಿಯ ಹೆಂಗಸು ಒಂದೆಳೆ ಸರ ಅಡವಿಡಲು ಹೋದರೆ ಹತ್ತು ಪ್ರಶ್ನೆ ಕೇಳುವ ಬ್ಯಾಂಕುಗಳು, ದಲ್ಲಾಳಿಯೊಬ್ಬ ತಂದಿಟ್ಟ ನೂರಾರು ಕೋಟಿಯ ಷೇರು ಯಾರದ್ದು ಎಂದು ಕೇಳಲಿಲ್ಲ. ಸೆಬಿ ಆದೇಶದ ನಂತರ 2019ರ ಡಿಸೆಂಬರ್ ಮೊದಲ ವಾರದಲ್ಲಿ ಸುಮಾರು 83 ಸಾವಿರ ಗ್ರಾಹಕರ ಷೇರುಗಳನ್ನು ಅವರವರ ಖಾತೆಗೆ ಮರಳಿಸಲಾಯಿತು. ಆಗ ಮಾತ್ರ ಸಾಲ ಕೊಟ್ಟವರಿಗೆ ದಿಢೀರನೆ ನ್ಯಾಯದ ನೆನಪಾಗಿ, ಆ ಷೇರು ತಮಗೆ ಸೇರಬೇಕು ಎಂದು ಮೇಲ್ಮನವಿ ನ್ಯಾಯಮಂಡಳಿಗೆ ಓಡಿದರು.

ಕಾರ್ವಿಯ ಹೆಸರು ಸೆಬಿಗೆ ಹೊಸದೂ ಆಗಿರಲಿಲ್ಲ. 2003ರಿಂದ 2005ರ ನಡುವೆ ಸಾವಿರಾರು ಸುಳ್ಳು ಹೆಸರಿನ ಡಿಮ್ಯಾಟ್ ಖಾತೆ ತೆರೆದು, ಸಣ್ಣ ಹೂಡಿಕೆದಾರರಿಗೆ ಮೀಸಲಾದ ಐಪಿಒ ಷೇರುಗಳನ್ನು ದೋಚಿದ ಹಗರಣದಲ್ಲಿ 2006ರ ಏಪ್ರಿಲ್‌ನಲ್ಲಿ ಸೆಬಿ ಹೊರಡಿಸಿದ ಆದೇಶದಲ್ಲೇ ಅದು ಕಾಣಿಸಿಕೊಂಡಿತ್ತು. ಅಷ್ಟಾದ ಮೇಲೂ ಆ ಸಂಸ್ಥೆ ಊರೂರಿಗೆ ಬೆಳೆಯಿತು. ನಮ್ಮ ಆತಂಕದ ಮೂಲ ಇಲ್ಲಿದೆ. ಒಮ್ಮೆ ಸಿಕ್ಕಿಬಿದ್ದವರ ಮೇಲೆ ಎರಡು ಪಟ್ಟು ಕಣ್ಣಿಡುವ ಅಭ್ಯಾಸವನ್ನೇ ನಮ್ಮ ನಿಯಂತ್ರಣ ವ್ಯವಸ್ಥೆ ಬೆಳೆಸಿಕೊಂಡಿಲ್ಲ.

ಶಿಕ್ಷೆಯ ಕಥೆಯನ್ನೂ ನೋಡಿ. 2019ರ ನವೆಂಬರ್ 22ರಂದು ಮಧ್ಯಂತರ ಆದೇಶ. ಮರುವರ್ಷ ನವೆಂಬರ್‌ನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಿಂದ (ಎನ್‌ಎಸ್‌ಇ) ಉಚ್ಚಾಟನೆ. 2021ರ ಆಗಸ್ಟ್‌ನಲ್ಲಿ ಅಧ್ಯಕ್ಷ ಸಿ. ಪಾರ್ಥಸಾರಥಿ ಬಂಧನ, ಅದೂ ಹೈದರಾಬಾದ್ ಪೊಲೀಸರಿಂದ, ಬ್ಯಾಂಕ್ ಕೊಟ್ಟ ದೂರಿನ ಮೇಲೆ. ಸೆಬಿಯ ಅಂತಿಮ ಆದೇಶ ಬಂದದ್ದು 2023ರ ಏಪ್ರಿಲ್‌ನಲ್ಲಿ: ಕಂಪನಿಗೂ ಅಧ್ಯಕ್ಷರಿಗೂ ಏಳು ವರ್ಷ ಷೇರುಪೇಟೆಯಿಂದ ನಿಷೇಧ, ಇಬ್ಬರಿಗೂ ಸೇರಿ 21 ಕೋಟಿ ದಂಡ. ಸಾವಿರಾರು ಕೋಟಿಯ ಆಟಕ್ಕೆ ಇಪ್ಪತ್ತೊಂದು ಕೋಟಿ. ಲೆಕ್ಕ ಬಲ್ಲ ವಂಚಕನಿಗೆ ಇದು ದಂಡವಲ್ಲ, ವ್ಯಾಪಾರದ ಖರ್ಚು.

ಕಾರ್ವಿ ಒಬ್ಬಂಟಿಯೂ ಅಲ್ಲ. ಅದೇ 2019ರಲ್ಲಿ ದೆಹಲಿಯ ಅಲೈಡ್ ಫೈನಾನ್ಷಿಯಲ್ ಸರ್ವೀಸಸ್, ದಾಲ್ಮಿಯಾ ಸಿಮೆಂಟ್ ಸಮೂಹಕ್ಕೆ ಸೇರಿದ 344 ಕೋಟಿಯ ಮ್ಯೂಚುವಲ್ ಫಂಡ್ ಯೂನಿಟ್‌ಗಳನ್ನು ಅಡವಿಟ್ಟ ಆರೋಪಕ್ಕೆ ಸಿಲುಕಿತು. ವಕೀಲರ ಪಡೆಯನ್ನೇ ಇಟ್ಟುಕೊಂಡ ಸಿಮೆಂಟ್ ಕಂಪನಿಗೇ ಹೀಗಾದರೆ ನಿವೃತ್ತ ಶಿಕ್ಷಕರ ಪಾಡೇನು? ಮರುವರ್ಷ ಮುಂಬೈನ ಅನುಗ್ರಹ ಸ್ಟಾಕ್ ಅಂಡ್ ಬ್ರೋಕಿಂಗ್ ಕುಸಿಯಿತು. ಅಲ್ಲಿ ಆಮಿಷ ಬೇರೆ: ಇರುವ ಷೇರು ಮಾರುವುದು ಬೇಡ, ಅದನ್ನು ಅಡಮಾನವಾಗಿ ಇಡಿ, ನಿಮ್ಮ ಪರವಾಗಿ ಆಪ್ಷನ್ಸ್ ಆಡಿ ಲಾಭ ತಂದುಕೊಡುತ್ತೇವೆ ಎಂಬ ಮಾತು.

ನಿಯಮಗಳು ಬಂದಿಲ್ಲವೆಂದಲ್ಲ. 2020ರ ಸೆಪ್ಟೆಂಬರ್‌ನಿಂದ ಷೇರು ಅಡವಿಡಬೇಕಾದರೆ ಅದು ಗ್ರಾಹಕರ ಖಾತೆಯಲ್ಲೇ ಇದ್ದು, ಅವರ ಮೊಬೈಲಿಗೆ ಬರುವ ಒಟಿಪಿಯಿಂದಲೇ ಒಪ್ಪಿಗೆ ಪಡೆಯಬೇಕು. 2022ರ ಕೊನೆಗೆ ಹೊಸ ಖಾತೆಗಳಿಗೆ ಹಳೆಯ ಪವರ್ ಆಫ್ ಅಟಾರ್ನಿಯ ಬದಲು ಸೀಮಿತ ಅಧಿಕಾರದ ಪತ್ರ ಬಂತು. 2024ರ ನಿಯಮದಂತೆ ಕೊಂಡ ಷೇರು ದಲ್ಲಾಳಿಯ ಖಾತೆ ಹೊಕ್ಕದೆ ನೇರವಾಗಿ ನಮ್ಮ ಡಿಮ್ಯಾಟ್ ಖಾತೆಗೆ ಬರುತ್ತಿದೆ. ಇವೆಲ್ಲ ಒಳ್ಳೆಯ ಕೆಲಸ, ಸಂದೇಹವಿಲ್ಲ. ಆದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಒಂದೊಂದು ಬಾಗಿಲು ಮುಚ್ಚಲೂ ಒಂದೊಂದು ಲೂಟಿ ನಡೆಯಬೇಕಾಯಿತು.

ಈಗ ಕಳ್ಳತನ ಬೇರೆ ದಾರಿ ಹಿಡಿದಿದೆ. 2020ರ ಮಾರ್ಚ್‌ನಲ್ಲಿ ದೇಶದಲ್ಲಿದ್ದ ಡಿಮ್ಯಾಟ್ ಖಾತೆಗಳು ಸುಮಾರು ನಾಲ್ಕು ಕೋಟಿ; 2025ರಲ್ಲಿ ಅವು 20 ಕೋಟಿ ಮುಟ್ಟಿದವು. ಹೊಸಬರಲ್ಲಿ ಬಹಳಷ್ಟು ಮಂದಿಗೆ ಷೇರುಪೇಟೆ ಎಂದರೆ ಊರಿನ ಪರಿಚಿತ ಮುಖ, ಅಂದರೆ ಬ್ರೋಕರ್ ಕಂಪನಿಯ ಅಧಿಕೃತ ಪ್ರತಿನಿಧಿ. ‘ಸರ್, ನಿಮಗ್ಯಾಕೆ ತಲೆನೋವು, ಪಾಸ್‌ವರ್ಡ್ ಕೊಡಿ, ತಿಂಗಳಿಗೆ ಮೂರು ಪರ್ಸೆಂಟ್ ಗ್ಯಾರಂಟಿ’ ಎನ್ನುತ್ತಾನೆ ಆತ. ಮೊದಲ ಎರಡು ತಿಂಗಳು ದುಡ್ಡು ಬರುತ್ತದೆ. ಆಮೇಲೆ ಒಂದೇ ದಿನ ಹತ್ತಾರು ಆಪ್ಷನ್ಸ್ ವಹಿವಾಟು. ಪ್ರತಿಯೊಂದಕ್ಕೂ ದಲ್ಲಾಳಿಗೆ ಕಮಿಷನ್, ಖಾತೆಗೆ ನಷ್ಟ. 2025ರ ಸೆಬಿ ಅಧ್ಯಯನದ ಪ್ರಕಾರ 2024–25ರ ಹಣಕಾಸು ವರ್ಷದಲ್ಲಿ ಆಪ್ಷನ್ಸ್ ಸೇರಿದಂತೆ ಈಕ್ವಿಟಿ ಡೆರಿವೇಟಿವ್ಸ್ ಆಡಿದ ಬಿಡಿ ಹೂಡಿಕೆದಾರರಲ್ಲಿ ಶೇ 91ರಷ್ಟು ಮಂದಿ ಕೈಸುಟ್ಟುಕೊಂಡರು. ಗೊತ್ತಿದ್ದು ಆಡಿದವರದ್ದೇ ಈ ಗತಿಯಾದರೆ, ತಮ್ಮ ಹೆಸರಿನಲ್ಲಿ ಆಟ ನಡೆಯುತ್ತಿದೆ ಎಂದೇ ತಿಳಿಯದವರ ಗತಿಯೇನು?

ದೂರು ಕೊಟ್ಟಾಗ ಕಂಪನಿ ಹೇಳುವುದು ಒಂದೇ ಮಾತು: ಒಟಿಪಿ ಕೊಟ್ಟವರು ನೀವೇ, ಕಾಂಟ್ರ್ಯಾಕ್ಟ್ ನೋಟ್ ನಿಮ್ಮ ಇಮೇಲಿಗೆ ಬಂದಿದೆ. ಆದರೆ ಸೆಬಿ ನಿಯಮ ಹೇಳುವುದು ಇದಕ್ಕೆ ತದ್ವಿರುದ್ಧ. ಪ್ರತಿನಿಧಿಯ ಪ್ರತಿ ತಪ್ಪಿಗೂ ಬ್ರೋಕರ್ ಕಂಪನಿಯೇ ಹೊಣೆ. ಗ್ರಾಹಕ ಆರ್ಡರ್ ಕೊಟ್ಟಿದ್ದಕ್ಕೆ ಫೋನ್ ಧ್ವನಿಮುದ್ರಣವೋ, ಸಹಿ ಮಾಡಿದ ಚೀಟಿಯೋ, ಇಮೇಲೋ ಪುರಾವೆ ಇರಬೇಕು. ವ್ಯಾಜ್ಯ ಬಂದರೆ ಅದನ್ನು ಸಾಬೀತು ಮಾಡಬೇಕಾದದ್ದು ಬ್ರೋಕರ್. ಪುಸ್ತಕದಲ್ಲಿರುವ ಈ ನಿಯಮ ದೂರುದಾರನ ಕಿವಿಗೆ ಬೀಳುವುದಿಲ್ಲ. ಮೋಸಹೋದವರನ್ನು ‘ದುರಾಸೆಗೆ ಬಿದ್ದಿರಿ’ ಎಂದು ಜರೆದು ಕಳಿಸುವುದು ಠಾಣೆಯಲ್ಲೂ ನಡೆಯುತ್ತದೆ, ಮನೆಯಲ್ಲೂ ನಡೆಯುತ್ತದೆ. ಆಸೆ ಅಪರಾಧವಲ್ಲ, ವಂಚನೆ ಅಪರಾಧ. ಗ್ಯಾರಂಟಿ ಲಾಭದ ಮಾತು ನಂಬಿ ಹಣ ಕೊಟ್ಟವರಿಗೆ ಹೂಡಿಕೆದಾರರ ರಕ್ಷಣಾ ನಿಧಿಯಿಂದಲೂ ಪರಿಹಾರ ದಕ್ಕುವುದಿಲ್ಲ ಎಂಬುದಂತೂ ಬಹುತೇಕರಿಗೆ ತಿಳಿಯುವುದೇ ಕೈಬಿಟ್ಟುಹೋದ ಮೇಲೆ.

ದೇಶದ ಅತಿದೊಡ್ಡ ಆನ್‌ಲೈನ್ ಬ್ರೋಕರ್ ಕಂಪನಿಗಳಿಗೆ ಬೆಂಗಳೂರೇ ಮನೆ. ಆದರೂ ಖಾತೆ ತೆರೆಯುವ ಹತ್ತಾರು ಪುಟಗಳ ಕರಾರು ಇಂಗ್ಲಿಷ್‌ನ ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ. ಜಾಹೀರಾತಿಗೆ ಕನ್ನಡ ಬೇಕು, ಕರಾರಿಗೆ ಬೇಡ ಎನ್ನುವುದನ್ನು ಸೆಬಿ ಇನ್ನು ಸಹಿಸಬಾರದು. ಷೇರು ಕೊಳ್ಳುವವರೆಗೂ ಹಣ ನಮ್ಮ ಬ್ಯಾಂಕ್ ಖಾತೆಯಲ್ಲೇ ತಡೆದಿರುವ ಯುಪಿಐ ವ್ಯವಸ್ಥೆಯನ್ನು ದೊಡ್ಡ ಬ್ರೋಕರ್‌ಗಳಿಗೆ ಒಂದು ಆಯ್ಕೆಯಾಗಿ ಸೂಚಿಸಿ ಸುಮ್ಮನಾದರೆ ಸಾಲದು. ಎಲ್ಲ ಬ್ರೋಕರ್‌ಗಳಿಗೂ, ಎಲ್ಲ ಸಣ್ಣ ಹೂಡಿಕೆದಾರರಿಗೂ ಅದೇ ರೂಢಿಯಾಗಬೇಕು. ಗ್ರಾಹಕರ ಸ್ವತ್ತು ದುರ್ಬಳಕೆಯ ಪ್ರಕರಣದಲ್ಲಿ ಅಂತಿಮ ಆದೇಶ ಒಂದು ವರ್ಷದೊಳಗೆ ಬರಬೇಕು. ದಂಡ ಎಷ್ಟು ದೋಚಿದರೋ ಅದಕ್ಕೆ ತಕ್ಕಂತೆ ಇರಬೇಕು, ಆ ದುಡ್ಡು ಮೊದಲು ಕಳೆದುಕೊಂಡವರಿಗೆ ಹೋಗಬೇಕು. ರಾಜ್ಯ ಸರ್ಕಾರವೂ ಕೈಕಟ್ಟಿ ಕೂರುವಂತಿಲ್ಲ: ಷೇರು ವಂಚನೆಯ ದೂರು ಬರೆದುಕೊಳ್ಳಬಲ್ಲ ಒಬ್ಬ ಅಧಿಕಾರಿಯಾದರೂ ಪ್ರತಿ ಜಿಲ್ಲೆಯ ಸೈಬರ್ ಠಾಣೆಯಲ್ಲಿ ಇರಲೇಬೇಕು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಏನಿದೆ ಎಂಬುದನ್ನು ಬ್ರೋಕರ್‌ನ ಆ್ಯಪ್‌ನಲ್ಲಿ ನೋಡಿ ಸುಮ್ಮನಾಗಬೇಡಿ. ಡಿಪಾಸಿಟರಿಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಕಳಿಸುವ ಖಾತಾ ವಿವರವನ್ನೇ ತೆರೆದು ತಾಳೆ ನೋಡಿ. ಒಂದು ಷೇರು ಕಡಿಮೆ ಕಂಡರೂ ಬ್ರೋಕರ್‌ಗೆ ಲಿಖಿತ ದೂರು ಕೊಟ್ಟು, ಉತ್ತರ ಸಮಾಧಾನ ತರದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದಾಖಲಿಸಿ. ಅಲ್ಲಿ ದೂರು ಬಿದ್ದರೆ 21 ದಿನದೊಳಗೆ ಬ್ರೋಕರ್ ಉತ್ತರ ಕೊಡಲೇಬೇಕು.