ಬೆಳೆಗಾರನ ಹೆಸರಿನಲ್ಲೊಂದು ಅಸತ್ಯ

ಅಡಕೆಯಿಂದ ಕ್ಯಾನ್ಸರ್ ಬರುವುದೆಂಬ ಮಾತು ಕೇಳಿಬಂದಾಗಲೆಲ್ಲ, ಅದು ಪರದೇಶೀಯರ ಹುನ್ನಾರವೆಂದೂ, ದೋಷವೆಲ್ಲ ಗುಟ್ಕಾದೊಳಗಿನ ತಂಬಾಕಿನದೆಂದೂ, ತಾಂಬೂಲವಿಲ್ಲದೆ ಶುಭಕಾರ್ಯವೇ ನಡೆಯದ ನಾಡಿನಲ್ಲಿ ಇಂತಹ ಅಪವಾದಕ್ಕೆ ಎಡೆಯಿಲ್ಲವೆಂದೂ ನಮ್ಮ ರಾಜಕಾರಣಿಗಳು ಪಕ್ಷಭೇದವಿಲ್ಲದೆ ಗರ್ಜಿಸುವರು. ದೇಶದಲ್ಲಿ ಅತ್ಯಧಿಕವಾಗಿ ಅಡಕೆ ಬೆಳೆಯುವ ರಾಜ್ಯ ನಮ್ಮದು. ಮಲೆನಾಡು ಕರಾವಳಿಗಳ ಅಸಂಖ್ಯಾತ ಸಂಸಾರಗಳು ಇದನ್ನೇ ನಂಬಿ ಬದುಕಿರುವುದರಿಂದ ಆತಂಕವು ಸಹಜವೇ. ಆದರೆ ಆತಂಕವು ಸಹಜವಾದ ಮಾತ್ರಕ್ಕೆ ಅಸತ್ಯವು ಸತ್ಯವಾಗಲಾರದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾಂಗವು 2004ರಲ್ಲಿಯೇ ತಂಬಾಕಿಲ್ಲದ ಕವಳವನ್ನೂ, ಅಡಕೆಯನ್ನೇ ಪ್ರತ್ಯೇಕವಾಗಿಯೂ ಕ್ಯಾನ್ಸರ್‌ಕಾರಕಗಳ ಪ್ರಥಮ ವರ್ಗದಲ್ಲಿರಿಸಿತು. ಭಾರವನ್ನೆಲ್ಲ ತಂಬಾಕಿನ ಮೇಲೆ ಹೊರಿಸುವವರು ತೈವಾನಿನತ್ತ ನೋಡಲಿ: ಅಲ್ಲಿಯವರು ಅಡಕೆಗೆ ಸಾಮಾನ್ಯವಾಗಿ ತಂಬಾಕನ್ನು ಬೆರೆಸುವುದಿಲ್ಲ; ಆದರೂ ಬಾಯಿಯ ಕ್ಯಾನ್ಸರ್ ಆ ದ್ವೀಪದ ಗಂಡಸರನ್ನು ಕಾಡುವ ಪ್ರಮುಖ ಕ್ಯಾನ್ಸರುಗಳಲ್ಲೊಂದು. ತಂಬಾಕು ಕೂಡಿದರೆ ಅಪಾಯವು ಹೆಚ್ಚುವುದೆಂಬುದೂ, ಹಬ್ಬದ ಊಟದ ಮೇಲಿನ ಒಂದು ವೀಳ್ಯವು ದಿನವಿಡೀ ಜಗಿಯುವ ಪಾನ್‌ಮಸಾಲೆಗೆ ಸಮನಲ್ಲವೆಂಬುದೂ ದಿಟವೇ. ಪ್ರಮಾಣವು ಏರಿದಂತೆ ಅಪಾಯವೂ ಏರುವುದೆಂದು ಹೇಳುವುದು ವಿವೇಕ. ಅಪಾಯವೇ ಇಲ್ಲವೆಂದು ಸಾರುವುದು ವಂಚನೆ.

ಈ ವಂಚನೆಯ ಫಲವನ್ನುಣ್ಣುವವನು ರೋಗಿ. ಅಡಕೆಯಿಂದ ಕೆನ್ನೆಯ ಒಳಪೊರೆಯು ಬಿಳಿಚಿ, ನಾರುಗಟ್ಟಿ, ಖಾರ ತಾಗಿದರೆ ಉರಿದು, ಮೂರು ಬೆರಳು ಹಿಡಿಯುತ್ತಿದ್ದ ಬಾಯಿ ಒಂದು ಬೆರಳಿಗೂ ತೆರೆಯದಾದಾಗ, ವೈದ್ಯನು ಮೊಟ್ಟಮೊದಲು ಹೇಳುವುದು ಜಗಿಯುವುದನ್ನು ಬಿಡಬೇಕೆಂದು. ನಾರುಗಟ್ಟಿದ ಪೊರೆಯನ್ನು ಪೂರ್ವಸ್ಥಿತಿಗೆ ತರಬಲ್ಲ ಔಷಧವಿಲ್ಲ. ಕೆಲವರಲ್ಲಿ ಅದೇ ಮುಂದೆ ಕ್ಯಾನ್ಸರಾಗಿ ಪರಿಣಮಿಸುವುದು. ಅಂಥವನ ಕಿವಿಗೆ ‘ಅಡಕೆ ನಿರಪಾಯಕರ’ವೆಂಬ ಮಂತ್ರಿವಾಕ್ಯವೂ ಬಿದ್ದರೆ, ಚಟಕ್ಕೊಂದು ಸಮರ್ಥನೆ ದೊರೆಯಿತಷ್ಟೆ. ಬೆಳೆಗಾರನಿಗೆ ಸಂಘಗಳುಂಟು, ಶಾಸಕರುಂಟು. ಬಾಯಿ ತೆರೆಯಲಾರದವನ ಪರವಾಗಿ ಬಾಯಿ ತೆರೆಯುವವರು ಯಾರು?

ತೋಟಗಳನ್ನು ಕಡಿಯಿರೆಂದು ನಾನು ಹೇಳುತ್ತಿಲ್ಲ. ತೈವಾನು ಜಗಿಯುವವರ ಬಾಯಿಯನ್ನು ಸರ್ಕಾರದ ವೆಚ್ಚದಲ್ಲಿ ಪರೀಕ್ಷಿಸುತ್ತದೆ. ಬೆಳೆ ಬದಲಿಸುವ ರೈತನಿಗೆ ಧನಸಹಾಯವನ್ನೂ ನೀಡಿದೆ. ನಮ್ಮ ಸರ್ಕಾರವೂ ಅಡಕೆ ವಹಿವಾಟಿನ ತೆರಿಗೆಯಿಂದ ಒಂದು ಪಾಲನ್ನೆತ್ತಿ, ತಾಲೂಕು ಆಸ್ಪತ್ರೆಗಳಲ್ಲಿ ಬಾಯಿಯ ತಪಾಸಣೆಯನ್ನೂ ಚಟ ಬಿಡಿಸುವ ನೆರವನ್ನೂ ಏರ್ಪಡಿಸಲಿ. ಬಯಲುಸೀಮೆಗೆ ಹಬ್ಬುತ್ತಿರುವ ಹೊಸ ತೋಟಗಳಿಗೆ ಉತ್ತೇಜನವನ್ನು ನಿಲ್ಲಿಸಲಿ. ಹಳೆಯ ತೋಟಗಳಲ್ಲಿ ಮೆಣಸು, ಏಲಕ್ಕಿ, ಕೋಕೋಗಳಿಗೆ ಆಸರೆಯಾಗಲಿ. ಕವಳದ ಸಂಚಿ ಬೆಳೆಗಾರನ ಸೊಂಟದಲ್ಲಿಯೂ ಇರುವುದಷ್ಟೆ. ಆದುದರಿಂದ ಅವನ ಹಿತೈಷಿಗಳೆನಿಸಿಕೊಂಡವರು ಮೊದಲು ವಂಚಿಸುತ್ತಿರುವುದು ಅವನನ್ನೇ.