ಅಡಿಗೆಮನೆ ರೇಡಿಯೋನ ಕಾರಿಗೆ ಒಯ್ಯಬ್ಯಾಡ್ರಿ

ಮೊನ್ನೆ ಚಳಿಗೆ ಅಂತ ಟ್ರಂಕಿನಿಂದ ಕಂಬಳಿ ತೆಗೆದ್ರೆ, ಅದರ ಕೆಳಗೆ ನಮ್ಮ ಹಳೇ ಸ್ಯಾಟಲೈಟ್ ರೇಡಿಯೋ ಸಿಕ್ತು. ಪಕ್ಕದಾಗೆ ಅದರ ಸಣ್ಣ ಚಪ್ಪಟೆ ಆಂಟೆನಾ, ಸುತ್ತಿಟ್ಟ ವೈರು. "ಗುಜರಿಗೆ ಹಾಕ್ಲಾ ಅತ್ತೆ?" ಅಂದ್ಲು ಸೊಸೆ. ಇರ್ಲಿ ಬಿಡವ್ವ ಅಂದೆ. ಅದು ಈಗ ಮಾತಾಡಲ್ಲ, ಗೊತ್ತು. ಆದ್ರೆ ಅದರಿಂದ ನಾನು ಒಂದು ಪಾಠ ಕಲ್ತಿದೀನಿ. ಅದನ್ನ ನಿಮಗೂ ಹೇಳಾನ ಅಂತ ಕೂತೆ.

ವರ್ಲ್ಡ್‌ಸ್ಪೇಸ್ ಅಂತ ಇತ್ತಲ್ಲ, ನಿಮಗೂ ನೆನಪಿರಬೇಕು. ಎ.ಆರ್. ರೆಹಮಾನ್ ಅದರ ಜಾಹೀರಾತಿನಾಗೆ ಬರ್ತಿದ್ರು. ವರ್ಷಕ್ಕಿಷ್ಟು ಅಂತ ಚಂದಾ ಕಟ್ಟಿದ್ರೆ ಗೊರ ಗೊರ ಇಲ್ಲದಂಗೆ ಹಾಡು. ಕನ್ನಡಕ್ಕೆ 'ಸ್ಪರ್ಶ', ಕರ್ನಾಟಕ ಸಂಗೀತಕ್ಕೆ 'ಶ್ರುತಿ', ಹಿಂದೂಸ್ತಾನಿಗೆ 'ಗಂಧರ್ವ್'. ಇದನ್ನ ಕಳಿಸ್ತಿದ್ದ ಏಷ್ಯಾಸ್ಟಾರ್ ಉಪಗ್ರಹ ಮೇಲಕ್ಕೆ ಹೋಗಿದ್ದು 2000ದ ಮಾರ್ಚ್‌ನಾಗೆ. ಸುಮಾತ್ರಾ, ಸಿಂಗಪುರದ ಕಡೆ, ಭೂಮಧ್ಯರೇಖೆಯ ನೆತ್ತಿ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಾಗೆ ಅದರ ಜಾಗ. ಭೂಮಿ ತಿರುಗಿದಂಗೆ ಅದೂ ತಿರುಗ್ತೈತೆ, ಹಂಗಾಗಿ ನಮ್ಮ ಕಣ್ಣಿಗೆ ಅದು ನಿಂತಲ್ಲೇ ನಿಂತಂಗೆ.

ಈಗ ಒಂದು ತಮಾಷೆ ಕೇಳ್ರಿ. ಚಳ್ಳಕೆರೆಯಿಂದ ನೋಡಿದ್ರೆ ಆ ಜಾಗ ಪೂರ್ವದಿಂದ ತುಸು ದಕ್ಷಿಣಕ್ಕೆ ವಾಲಿದ ಕಡೆ ಬರ್ತೈತೆ. ಶಿವರಾತ್ರಿ ಆಸುಪಾಸಿನಾಗೆ ಬೆಳಿಗ್ಗೆ ಹತ್ತು ಗಂಟೆಗೆ ಸೂರ್ಯ ಎಲ್ಲಿರ್ತಾನೋ ಹೆಚ್ಚುಕಮ್ಮಿ ಅಲ್ಲೇ. ಅಂದ್ರೆ ಆಗ್ನೇಯ. ನಮ್ಮ ಮನೆಗಳಾಗೆ ಆಗ್ನೇಯ ಮೂಲೆಯಾಗೆ ಏನಿರ್ತೈತೆ? ಒಲೆ!

ನಮ್ಮನೆಯಾಗೆ ಮೊದ್ಲು ರೇಡಿಯೋನ ಪಡಸಾಲೆಯಾಗಿಟ್ರು. ಸುದ್ದಿ ಇಲ್ಲ. ದೇವರ ಗೂಡಿನ ಹತ್ರ ಇಟ್ರು, ಇಲ್ಲ. ಆಂಟೆನಾಗೆ ಗೋಡೆ ಅಡ್ಡ ಬರಬಾರದು, ಮರದ ಎಲೆನೂ ಅಡ್ಡ ಬರಬಾರದು. ಕೊನೆಗೆ ಅಡಿಗೆಮನೆ ಕಿಟಕಿ ಸರಳಿಗೆ ಆನಿಸಿದ್ರೆ ಗಂಟೆ ಹೊಡೆದಂಗೆ ಬಂತು. ನಮ್ಮ ಮೇಲಿನ ಪ್ರೀತಿಗೆ ಯಾರೂ ಅದನ್ನ ಅಡಿಗೆಮನೆಗೆ ತಂದಿಡಲಿಲ್ಲ ಕಣ್ರವ್ವಾ, ಉಪಗ್ರಹ ನಿಂತ ದಿಕ್ಕು ತಂದಿಟ್ಟಿತು.

ಅವತ್ತಿಂದ ಮುದ್ದೆ ತಿರುವುವಾಗ ಹಾಡು, ಕಡ್ಲೆಕಾಯಿ ಸುಲಿಯುವಾಗ ಹಾಡು. ಕೈ ಖಾಲಿ ಇರಲ್ಲ, ಕಣ್ಣು ಒಲೆ ಮೇಲೆ, ಕಿವಿ ಒಂದೇ ಬಿಡುವು. ಮೊಳಕಾಲ್ಮೂರಿನಾಗೆ ಮಗ್ಗದ ಮುಂದೆ ಕೂರೋ ನಮ್ಮ ಅಕ್ಕತಂಗೇರನ್ನ ನೋಡ್ರಿ. ಕೈಯಾಗೆ ಲಾಳಿ, ಕಾಲಾಗೆ ತುಳಿಯೋ ಮಣೆ, ಕಣ್ಣು ಜರಿ ಎಳೆ ಮೇಲೆ. ಅವರಿಗೆ ಟೀವಿ ಯಾತಕ್ಕೆ ಬಂತು? ಕೆಲಸ ನಿಲ್ಲಿಸದಂಗೆ ಜೊತೆ ಕೊಡೋದು ರೇಡಿಯೋ ಒಂದೇ.

ಆಮೇಲೆ ಮನೆ ಗಂಡಸರ ಕಣ್ಣು ಅದರ ಮೇಲೆ ಬಿತ್ತು. "ಒಯ್ಯೋಕೆ ಅಂತಲೇ ಮಾಡಿರೋ ರೇಡಿಯೋ, ಕಾರಿನಾಗೆ ಇಟ್ಕಂಡು ಹೋಗಾನ" ಅಂದ್ರು. ಒಂದಿನ ಮೊಳಕಾಲ್ಮೂರಿಗೆ ಹೊರಟಾಗ ತಗಂಡು ಹೋದೆವು. ರಸ್ತೆ ಹೋಗೋದು ಬಡಗಲಿಗೆ, ಉಪಗ್ರಹ ಇರೋದು ಬಲಗಡೆ ಬೆನ್ನ ಹಿಂದೆ. ತಲೆ ಮೇಲೆ ತಗಡಿನ ಚಾವಣಿ ಬೇರೆ. ನಾನು ಆಂಟೆನಾ ಹಿಡ್ಕಂಡು, ಹಿಂದಿನ ಕಿಟಕಿಗೆ ಚಾಚಿ ಕೂತೆ, ಆರತಿ ಹಿಡಿದಂಗೆ! ತಳಕು ದಾಟೋದ್ರೊಳಗೆ ಕೈ ಸೋತು ಹೋತು. ಕಾರು ನಿಂತಾಗ ಒಂದು ಸಾಲು, ಹೊರಟ್ರೆ ಇಲ್ಲ. ಹುಣಸೆಮರ ಬಂದ್ರೆ ಇಲ್ಲ. ಹಾನಗಲ್ ಹತ್ರ ತಿರುಗಿದ ಮ್ಯಾಲೆ ಆಂಟೆನಾನೂ ತಿರುಗಿಸಬೇಕಾತು.

ಅದರ ತಪ್ಪಲ್ಲ ಬಿಡ್ರಿ, ಅದು ಒಂದು ಕಡೆ ಇಟ್ಟು ಕೇಳೋ ರೇಡಿಯೋ. ಅಮೆರಿಕದಾಗೆ ಕಾರಿನಾಗೇ ಸ್ಯಾಟಲೈಟ್ ರೇಡಿಯೋ ಐತೆ. ಎಕ್ಸ್‌ಎಂ, ಸಿರಿಯಸ್ ಅಂತ ಎರಡು ಇದ್ವು, 2008ರಾಗೆ ಒಂದಾದವು. ಅಲ್ಲಿ ಆಕಾಶದಾಗೆ ಉಪಗ್ರಹ ಅಲ್ದೆ ಊರುಗಳಾಗೆ ನೆಲದ ಮೇಲೂ ಪ್ರಸಾರದ ಕಂಬ ನಿಲ್ಲಿಸಿದಾರೆ. ಕಟ್ಟಡ ಅಡ್ಡ ಬಂದ್ರೆ ಕಂಬದಿಂದ ಸಿಗ್ತೈತೆ. ನಮ್ಮ ದಾರಿಯಾಗೆ ಅದೆಲ್ಲಿ?

ನನಗೆ ಬೇಜಾರಾಗಿದ್ದು ಕಾರಿನಾಗೆ ಹಾಡು ಬರಲಿಲ್ಲ ಅಂತಲ್ಲ. ಎರಡು ದಿನ ಆ ರೇಡಿಯೋ ಕಾರಿನಾಗೇ ಉಳೀತು. ಅಡಿಗೆಮನೆ ಬಿಕೋ ಅಂತಿತ್ತು, ಮನೆಯಾಗೆ ಒಬ್ರೂ ಗಮನಿಸಲಿಲ್ಲ. ಕಾರಿನಾಗೆ ಸ್ಟೀರಿಂಗ್ ಹಿಡಿದೋರು ಹಾಡು ಆರಿಸ್ತಾರೆ, ಪಡಸಾಲೆಯಾಗೆ ರಿಮೋಟ್ ಹಿಡಿದೋರು. ನಾವು ಆರಿಸೋ ಜಾಗ ಯಾವುದು? ಒಯ್ಯೋ ರೇಡಿಯೋ ಅಂದ್ರೆ ಅಡಿಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಮಾಳಿಗೆಗೆ ಒಯ್ಯೋದು ಅಂತ ನನ್ನ ಲೆಕ್ಕ.

2008ರ ಅಕ್ಟೋಬರ್‌ನಾಗೆ ಆ ಕಂಪನಿ ದಿವಾಳಿ ಅರ್ಜಿ ಹಾಕ್ತು. 2009ರ ಡಿಸೆಂಬರ್ 31ಕ್ಕೆ ಭಾರತದಾಗೆ ಪ್ರಸಾರ ನಿಲ್ತು. ಅದರ ಚಂದಾದಾರರಾಗೆ ಹೆಚ್ಚಿನೋರು ನಮ್ಮ ದೇಶದೋರೇ. ಬೇರೆ ಸ್ಟೇಷನ್ನು ಆ ಪೆಟ್ಟಿಗೆಗೆ ಹಿಡಿಸಲ್ಲ, ಕಂಬಳಿ ಕೆಳಗೆ ಸೇರ್ತು. ಆಮೇಲೆ ನಾವು ಅಡಿಗೆಮನೆಗೆ ಇನ್ನೊಂದು ರೇಡಿಯೋ ತರಲೇ ಇಲ್ಲ. ತಪ್ಪು ನಮ್ಮದೂ ಐತೆ. ಫೋನಿನಾಗೆ ಎಲ್ಲಾ ಬರ್ತೈತಲ್ಲ ಅಂತ ಸುಮ್ಮನಾದ್ವಿ. ಹಿಟ್ಟಿನ ಕೈಯಾಗೆ ಫೋನ್ ಮುಟ್ಟಕಾಗಲ್ಲ. ಹಾಡಿನ ನಡುವೆ ಯಾರದೋ ಕರೆ, ಮೊಮ್ಮಗಂದು ಆಟ, ಆಮೇಲೆ ರೀಚಾರ್ಜು.

ಅದಕ್ಕೆ ಹೇಳ್ತೀನಿ. ಚಳ್ಳಕೆರೆ ಕಡೆಯೋರು ಒಂದು ಸಣ್ಣ ರೇಡಿಯೋ, ಎರಡು ಸೆಲ್ಲು ತಗಂಡು 102.6ಕ್ಕೆ ತಿರುಗಿಸ್ರಿ, ಚಿತ್ರದುರ್ಗ ಆಕಾಶವಾಣಿ ಸಿಗ್ತೈತೆ. ಕರೆಂಟ್ ಹೋದ್ರೂ ನಡೀತೈತೆ. ಮೊಳಕಾಲ್ಮೂರ ಕಡೆ ಗುಡ್ಡ ಅಡ್ಡ ಬಂದು ಗೊರ ಅಂದ್ರೆ, ಚಾವಣಿ ಮೇಲೆ ಡಿಡಿ ಫ್ರೀ ಡಿಶ್ ಐತಾ ನೋಡ್ರಿ. ಅದರಾಗೆ ಟೀವಿ ಜೊತೆ ಆಕಾಶವಾಣಿ ಚಾನೆಲ್ಲೂ ಬರ್ತಾವೆ, ತಿಂಗಳ ಬಾಡಿಗೆ ಇಲ್ಲ. ಡಬ್ಬಿ ಹಿಂದಿನ ಬಿಳಿ-ಕೆಂಪು ವೈರನ್ನ ಸ್ಪೀಕರಿಗೆ ಸಿಕ್ಕಿಸಿ ಅಡಿಗೆಮನೆ ತನಕ ಎಳ್ಕಂಡ್ರೆ, ಟೀವಿ ಆರಿಸಿದ್ರೂ ಹಾಡು ಕೇಳ್ತೈತೆ. ಇದೂ ಸ್ಯಾಟಲೈಟ್ ರೇಡಿಯೋನೇ ಕಣ್ರಮ್ಮ.

ಯಾವುದಾದ್ರೂ ತಗಳ್ರಿ, ಇಡೋದು ಮಾತ್ರ ಒಲೆ ಪಕ್ಕದ ಗೂಡಿನಾಗೆ. "ಕಾರಿಗೆ ಕೊಡು" ಅಂದ್ರೆ, ಕಾರಿಗೆ ಅದರದೇ ಐತಲ್ಲ ಅನ್ರಿ. ನಾನೂ ಈ ವಾರ ಪೇಟೆಗೆ ಹೋಗಿ ಒಂದು ತರ್ತೀನಿ. ಹಳೇದನ್ನ ಗುಜರಿಗೆ ಹಾಕಲ್ಲ, ಮತ್ತೆ ಕಂಬಳಿ ಕೆಳಗೇ ಇಟ್ಟಿದೀನಿ.